ಒಂದು ಪಿನ್ನು ಬಾಕಿ

ಸಾರಕ್ಕಿ ಗೇಟಿನ ಬೈರಣ್ಣ ಹೆದರುವ ಆಳಲ್ಲ. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಬೆಂಕಿಯ ಪಕ್ಕದಲ್ಲೇ ಕೆಲಸ ಕಲಿತವನು. ಹಾವು ಕಂಡರೆ ಸ್ಪ್ಯಾನರಿನ ತುದಿಯಲ್ಲಿ ಎತ್ತಿ ಬೇಲಿಯಾಚೆ ಹಾಕಿ ಮತ್ತೆ ಕೆಲಸಕ್ಕೆ ಕೂರುವ ಪೈಕಿ. ಅಂಥವನು ಆ ವರ್ಷ ಆಯುಧಪೂಜೆಯ ಮಧ್ಯಾಹ್ನ ಹೆದರಿದ್ದನ್ನು ನೋಡಿದವರು ಇಬ್ಬರೋ ಮೂವರೋ ಅಷ್ಟೆ. ಅವರೂ ಅದನ್ನು ಹೊರಗೆ ಆಡಲಿಲ್ಲ.

ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲ ಅದು. ಅರ್ಧ ಬಡಾವಣೆಯ ಪಾಲಾಗಿ, ಉಳಿದ ಅಂಚಿನಲ್ಲಿ ಬೈರಣ್ಣ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿ ಷೆಡ್ಡು ಮಾಡಿಕೊಂಡಿದ್ದ. ಮನೆ ಅದರ ಹಿಂದೆಯೇ. ಕನಕಪುರ ರಸ್ತೆಯಲ್ಲಿ ಓಡಾಡುವ ಗಾಡಿ ಯಾವುದೇ ಕೆಟ್ಟರೂ ಅಲ್ಲಿಗೆ ಬರುತ್ತಿತ್ತು. ಜಯನಗರದ ಜಯಸಿಂಹ ಅವರ ಜೀಪೂ ಹಾಗೇ ಬಂದಿತ್ತು. ಜಯಸಿಂಹ ಸರ್ಕಾರದಲ್ಲಿ ಕಲ್ಲುಬಂಡೆ ಪರೀಕ್ಷೆ ಮಾಡುವ ಆಫೀಸರು. ರಸ್ತೆಯೇ ಇಲ್ಲದ ಕಡೆ ಬೆಟ್ಟ ಗುಡ್ಡ ಹತ್ತಿಳಿಯುವುದೇ ಅವರ ಉದ್ಯೋಗ. ಮಿಲಿಟರಿಯವರು ಹರಾಜು ಹಾಕಿದಾಗ ಹಿಡಿದ ಹಳೇ ಜೀಪು, ಸ್ಟೀರಿಂಗು ಎಡಗಡೆಗೆ.

"ಬೈರಣ್ಣ, ಗುಂಡಿಗೆ ಬಿದ್ರೆ ಸ್ಟೀರಿಂಗ್ ನನ್ನ ಕೈಯಿಂದ ಕಿತ್ಕೊಂಡು ತಾನೇ ತಿರುಗತ್ತೆ ಕಣ್ರೀ. ಎರಡು ಸಲ ಹಳ್ಳಕ್ಕೆ ಹೋಗೋದು ತಪ್ತು. ಇದಕ್ಕೆ ಬಲ ಬರೋ ಹಾಗೆ ಏನಾದ್ರೂ ಮಾಡಿ" ಎಂದಿದ್ದರು.

ಬೈರಣ್ಣ ಮಾಡಿದ. ಐದು ದಿನ ಮಾಡಿದ. ಸ್ಟೀರಿಂಗಿನ ಪೆಟ್ಟಿಗೆ ಕೂರುವ ಜಾಗದಲ್ಲಿ ಚಾಸಿಯೇ, ಅಂದರೆ ಗಾಡಿಯ ಅಡಿಚೌಕಟ್ಟೇ, ಬಿರುಕು ಬಿಟ್ಟಿತ್ತು. ಅದನ್ನು ಬೆಸೆದು ಮೇಲೊಂದು ದಪ್ಪ ಪ್ಲೇಟು ಕೂರಿಸಿದ. ಪೆಟ್ಟಿಗೆಯಿಂದ ಚಕ್ರದ ಕಡೆಗೆ ಹೋಗುವ ಉದ್ದನೆಯ ರಾಡು ಬಳ್ಳಿಯ ಹಾಗೆ ಬಾಗಿತ್ತು. ಅದನ್ನು ಕಿತ್ತೆಸೆದು ಒಂದೂವರೆಪಟ್ಟು ದಪ್ಪದ ಹೊಸ ರಾಡು ಮಾಡಿದ. ರಾಡಿನ ತುದಿಯ ಗೂಡಿನಲ್ಲಿ ಒಂದು ಗುಂಡು ಕೂರುತ್ತದೆ. ಆ ಗುಂಡು ಹೊರಗೆ ಬರದಂತೆ ಒಂದು ತಿರುಪಿನ ಮುಚ್ಚಳ. ಆ ಮುಚ್ಚಳ ತಾನಾಗಿ ಬಿಚ್ಚಿಕೊಳ್ಳದಂತೆ ಅಡ್ಡಲಾಗಿ ಒಂದು ಸ್ಪ್ಲಿಟ್ ಪಿನ್ನು. ಅಡಿಕೆ ಕತ್ತರಿಸುವಷ್ಟು ಹೊತ್ತಿನ ಕೆಲಸ: ಪಿನ್ನು ತೂರಿಸುವುದು, ಕಟಿಂಗ್ ಪ್ಲೇಯರಿನಲ್ಲಿ ಅದರ ಎರಡು ಕಾಲನ್ನು ಎರಡು ಕಡೆಗೆ ಮಡಚುವುದು, ಮುಗಿಯಿತು.

ಅಷ್ಟು ಬಾಕಿ ಇತ್ತು. ಅಷ್ಟೇ ಬಾಕಿ ಇತ್ತು ನೋಡಿ.

ನವಮಿಯ ದಿನ ಮಧ್ಯಾಹ್ನ ಒಂದು ಗಂಟೆಗೆ ಬೈರಣ್ಣ ಜೀಪಿನ ಕೆಳಗೆ ಅಂಗಾತ ಮಲಗಿದ್ದ. ಮುಚ್ಚಳ ತಿರುಗಿಸಿ ಬಿಗಿ ಮಾಡಿದ್ದ. ಪಿನ್ನು ಪಕ್ಕದ ಬಸಿಯಲ್ಲಿ ಸೀಮೆಎಣ್ಣೆಯಲ್ಲಿ ನೆನೆಯುತ್ತಿತ್ತು. ಕೈ ಚಾಚಿದರೆ ಬಸಿ ಇಲ್ಲ, ಪ್ಲೇಯರೂ ಇಲ್ಲ. ತಲೆ ಹೊರಳಿಸಿದರೆ ಹೆಂಡತಿ ಮುನಿವೆಂಕಟಮ್ಮನ ಪಾದ ಕಾಣಿಸಿತು.

"ಲೇ, ಅದನ್ನೆಲ್ಲಿಗೆ ತಗೊಂಡು ಹೋಗ್ತೀಯೆ? ಒಂದು ಪಿನ್ನು ಬಾಕಿ ಐತೆ."

"ಒಂದೂವರೆಗೆ ರಾಹುಕಾಲ. ಅದು ನಿಮ್ಮ ಪಿನ್ನಿಗೆ ಕಾಯ್ತದಾ? ಏಳಿ ಮೇಲೆ. ಮೈಯೆಲ್ಲಾ ಗ್ರೀಸು ಮಾಡ್ಕೊಂಡು... ಅಮ್ಮನೋರ ಮುಂದೆ ಹಿಂಗೇ ನಿಂತ್ಕೊಳ್ತೀರಾ?"

ಆ ಷೆಡ್ಡಿನಲ್ಲಿ ಯಜಮಾನ ಬೈರಣ್ಣನೇ. ಆದರೆ ಆಯುಧಪೂಜೆಯ ದಿನ ಮಾತ್ರ ಯಜಮಾನಿಕೆ ಮುನಿವೆಂಕಟಮ್ಮನದು. ಅವಳದು ಎರಡು ಕಟ್ಟುಪಾಡು. ಒಂದು, ಅಮ್ಮನವರ ಪಟದ ಮುಂದೆ ಇಟ್ಟ ಹತಾರವನ್ನು ಮಾರನೆಯ ದಿನ ಮರುಪೂಜೆ ಆಗುವ ತನಕ ಯಾರೂ ಮುಟ್ಟಕೂಡದು. ಎರಡು, ಅವತ್ತು ಮನೆಯಲ್ಲಿ ಯಾರ ಬಾಯಲ್ಲೂ 'ಇಲ್ಲ' ಬರಕೂಡದು, 'ಆಗಿಲ್ಲ' ಬರಕೂಡದು. ಅಕ್ಕಿ ಮುಗಿದಿದ್ದರೆ ಹೆಚ್ಚಿದೆ ಅನ್ನಬೇಕು. ದೀಪ ಆರಿದರೆ ದೊಡ್ಡದಾಯಿತು ಅನ್ನಬೇಕು. ವರ್ಷಕ್ಕೊಂದು ದಿನ ತಾನೇ ಎಂದು ಬೈರಣ್ಣನೂ ನಾಲಿಗೆಯನ್ನು ಬಿಗಿಹಿಡಿದುಕೊಂಡೇ ಇರುತ್ತಿದ್ದ.

ಎದ್ದ. ಜಯಸಿಂಹ ಜೀಪು ಒಯ್ಯುವುದು ನಾಳೆ, ದಶಮಿಗೆ. ಬೆಳಿಗ್ಗೆ ಮರುಪೂಜೆ ಆದ ಕೂಡಲೇ ಪಿನ್ನು ಹಾಕಿದರಾಯಿತು ಎಂದುಕೊಂಡು ಬಾವಿಯ ಕಟ್ಟೆಗೆ ಹೋಗಿ ನಾಲ್ಕು ಬಿಂದಿಗೆ ಸುರಿದುಕೊಂಡ. ಬರುವಷ್ಟರಲ್ಲಿ ಸುತ್ತಿಗೆ, ಸ್ಪ್ಯಾನರು, ಪ್ಲೇಯರು, ಆ ಬಸಿಯ ಸಮೇತ ಪಿನ್ನು, ಕಬ್ಬಿಣ ಅನ್ನಿಸಿಕೊಂಡದ್ದೆಲ್ಲ ಮಣೆಯ ಮೇಲೆ ಸಾಲಾಗಿ ಕೂತು ಅರಿಶಿನ ಕುಂಕುಮ ಹಚ್ಚಿಸಿಕೊಂಡಿತ್ತು. ಜೀಪಿಗೂ ಸೇವಂತಿಗೆ ಹಾರ ಬಿದ್ದಿತ್ತು. ಮಗಳು ಅಂಜನಮ್ಮ ನಾಲ್ಕು ತಿಂಗಳ ಕೂಸನ್ನು ಹೆಗಲಿಗೆ ಒರಗಿಸಿಕೊಂಡು ಆರತಿ ತಟ್ಟೆ ಜೋಡಿಸುತ್ತಿದ್ದಳು. ಅವಳ ಗಂಡನ ಮನೆ ಕೋಣನಕುಂಟೆಯಾಚೆ ಮಾರಗೊಂಡನಪಾಳ್ಯದಲ್ಲಿ. ಬೆಳಿಗ್ಗೆ ಬಂದವಳು, ಸಂಜೆಗೆ ಅಲ್ಲಿ ದನಗಳ ಪೂಜೆ ಇದೆ ಎಂದು ಅವತ್ತೇ ವಾಪಸು ಹೊರಟಿದ್ದಳು.

ಮಂಗಳಾರತಿ ಹಚ್ಚುವ ಹೊತ್ತಿಗೆ ಸರಿಯಾಗಿ ಜಯಸಿಂಹ ಬಂದರು. ರೇಷ್ಮೆ ಶಲ್ಯ, ಕೈಯಲ್ಲಿ ಹಣ್ಣಿನ ಬುಟ್ಟಿ. ಕರ್ಪೂರ ಉರಿಯುತ್ತಿತ್ತು, ಮುನಿವೆಂಕಟಮ್ಮ ಗಂಟೆ ಅಲ್ಲಾಡಿಸುತ್ತಿದ್ದಳು. ಅವರು ಕೈಮುಗಿದು, ಬೈರಣ್ಣನ ಕಿವಿಯ ಹತ್ತಿರ ಬಾಗಿ ಕೇಳಿದರು: "ಕೆಲಸ ಎಲ್ಲಾ ಆಯ್ತೇನ್ರೀ ಬೈರಣ್ಣ?"

ಬೈರಣ್ಣ ಬಾಯಿ ತೆರೆದ. 'ಆಗಿಲ್ಲ' ಎನ್ನುವುದು ನಾಲಿಗೆಯ ತುದಿಗೆ ಬಂತು. ಎದುರಿಗೆ ಅಮ್ಮನವರ ಪಟ, ಉರಿಯುವ ಕರ್ಪೂರ, ಅದರಾಚೆ ಹೆಂಡತಿಯ ಎರಡು ಕಣ್ಣು.

"ಹ್ಞೂಂ ಸಾರ್, ಆಯ್ತು" ಎಂದ.

ಊಟ ಆದ ಮೇಲೆ ಪಕ್ಕಕ್ಕೆ ಕರೆದು ವಿಷಯ ಹೇಳಿದರಾಯಿತು ಎಂದುಕೊಂಡ. ಎಲೆ ಹಾಕಿದರು. ಜಯಸಿಂಹ ಒಬ್ಬಟ್ಟಿಗೆ ತುಪ್ಪ ಸುರಿಸಿಕೊಂಡು ಅಂಜನಮ್ಮನ ಹತ್ತಿರ ಊರಿನ ಸುದ್ದಿ ಕೇಳುತ್ತಿದ್ದರು. ಬೈರಣ್ಣ ಬೇಗ ಬೇಗ ಉಂಡು, ಅವರ ಊಟ ಮುಗಿಯುವುದರೊಳಗೆ ಬಂದರಾಯಿತು ಎಂದು ವರ್ಷವರ್ಷದ ಪದ್ಧತಿಯಂತೆ ಸಾರಕ್ಕಿ ಕೆರೆಯ ಹತ್ತಿರದ ಮುನೇಶ್ವರನಿಗೆ ಕಾಯಿ ಒಡೆಸಲು ಹೋದ. ಪೂಜಾರಿ ಊಟಕ್ಕೆ ಕೂತಿದ್ದ; ಅವನು ಎದ್ದು ಕೈತೊಳೆದು ಬರುವ ತನಕ ಕಾಯಬೇಕಾಯಿತು. ವಾಪಸು ಬಂದಾಗ ಷೆಡ್ಡಿನ ಮುಂದೆ ಜೀಪು ನಿಂತಿದ್ದ ಜಾಗದಲ್ಲಿ ಒಡೆದ ಬೂದುಗುಂಬಳಕಾಯಿಯ ಹೋಳುಗಳಿದ್ದವು. ಜೀಪು ಇರಲಿಲ್ಲ.

"ಜೀಪೆಲ್ಲಿ?"

"ಸಾಹೇಬ್ರು ತಗೊಂಡು ಹೋದ್ರು. ಹೆಂಗೂ ಪೂಜೆ ಆಯ್ತಲ್ಲ, ಒಂದು ಸುತ್ತು ಹೋಗ್ಬರ್ತೀನಿ ಅಂದ್ರು. ಅಂಜಿನೂ ಮಗೂನೂ ಊರಿಗೆ ಬಿಡ್ತಾರಂತೆ. ಪಾಪ, ಬಸ್ಸಲ್ಲಿ ಕೂಸು ನಲುಗೋದು ತಪ್ತು" ಎಂದಳು ಮುನಿವೆಂಕಟಮ್ಮ, ಎಲೆ ಎತ್ತುತ್ತಾ.

ಬೈರಣ್ಣ ಷೆಡ್ಡಿನ ಕಂಬ ಹಿಡಿದುಕೊಂಡ. ಮಾರಗೊಂಡನಪಾಳ್ಯಕ್ಕೆ ಹೋಗಬೇಕಾದರೆ ಆ ಊರಿನ ಕೆರೆ ಏರಿಯ ಮೇಲೆ ಹೋಗಬೇಕು. ಗಾಡಿ ಒಂದು ಹಿಡಿಯುವಷ್ಟೇ ಅಗಲ. ಒಂದು ಕಡೆ ಕೋಡಿ ಬೀಳುವಷ್ಟು ತುಂಬಿದ ನೀರು, ಇನ್ನೊಂದು ಕಡೆ ಎರಡಾಳು ಆಳದಲ್ಲಿ ಗದ್ದೆ. ಮಧ್ಯೆ ಗದ್ದೆಗೆ ನೀರು ಬಿಡುವ ತೂಬಿನ ಹತ್ತಿರ ಏರಿ ಸೊಟ್ಟಕ್ಕೆ ತಿರುಗುತ್ತದೆ. ಅಲ್ಲಿ ಸ್ಟೀರಿಂಗು ತಿರುಗಿಸಲೇಬೇಕು. ತಿರುಗಿಸಿದಾಗ ಚಕ್ರ ತಿರುಗದಿದ್ದರೆ?

"ಅಯ್ಯೋ ಶಿವನೇ... ಪಿನ್ನು ಹಾಕಿಲ್ಲ ಕಣೇ! ಆಗಿಲ್ಲ ಕಣೇ ಕೆಲ್ಸ!"

ಆಡಬಾರದ ಮಾತು ಎರಡೂ ಒಟ್ಟಿಗೇ ಬಂದವು. ಮುನಿವೆಂಕಟಮ್ಮ ಅವನ ಮುಖ ನೋಡಿದಳು. ಏನು ಪಿನ್ನು, ಎತ್ತ ಎಂದು ಕೇಳಲಿಲ್ಲ. ಮೂವತ್ತು ವರ್ಷದ ಅವಳ ಮಡಿಯೆಲ್ಲ ಒಂದೇ ಕ್ಷಣಕ್ಕೆ ಎಲ್ಲಿ ಹೋಯಿತೋ! ಮಣೆಯ ಮುಂದೆ ಹೋಗಿ ಉರಿಯುವ ದೀಪದ ಪಕ್ಕದಿಂದ ಬಸಿಯನ್ನೂ ಪ್ಲೇಯರನ್ನೂ ಎತ್ತಿ ಅವನ ಕೈಗೆ ತುರುಕಿದಳು.

"ನಾನು ಮುಟ್ಟಿದೀನಿ, ದೋಷ ನಂಗಿರ್ಲಿ. ನೀವು ಓಡಿ."

ಬೈರಣ್ಣ ಪಿನ್ನನ್ನೂ ಪ್ಲೇಯರನ್ನೂ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದ. ಅದಕ್ಕೂ ಹಾರ ಹಾಕಿದ್ದರು. ಹಾರ ಚಕ್ರಕ್ಕೆ ಸಿಕ್ಕಿ ಹರಿಯಿತು. ಕನಕಪುರ ರಸ್ತೆ ಅಂದರೆ ಆಗ ಎರಡೂ ಕಡೆ ಹುಣಸೆಮರ, ರಾಗಿ ಹೊಲ, ಗಂಟೆಗೊಂದು ಬಸ್ಸು. ಹಬ್ಬದ ದಿನ ಅದೂ ಕಮ್ಮಿ. ಪೆಡಲು ತುಳಿಯುತ್ತಾ ರಸ್ತೆಯನ್ನೇ ನೋಡುತ್ತಿದ್ದ. ಎಲ್ಲಾದರೂ ಮುಚ್ಚಳ ಬಿದ್ದಿದೆಯೇ? ಬಿದ್ದಿರದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕುತ್ತಿದ್ದ. 'ಗಟ್ಟಿಯಾಗೇ ತಿರುಗಿಸಿದೀನಿ, ಅಷ್ಟು ಸುಲಭಕ್ಕೆ ಬಿಚ್ಚಲ್ಲ' ಎಂದು ತನಗೆ ತಾನೇ ಹೇಳಿಕೊಂಡ. ಹೇಳಿದವನೂ ಅವನೇ, ನಂಬದವನೂ ಅವನೇ. ಜೀಪಿನ ನಡುಕ ಅವನಿಗೆ ಗೊತ್ತಿಲ್ಲವೇ? ನಾಲ್ಕು ಮೈಲಿ ಹಳ್ಳದಿಣ್ಣೆಯಲ್ಲಿ ಕುಣಿದರೆ ಪಿನ್ನಿಲ್ಲದ ಮುಚ್ಚಳ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಾ ಬರುತ್ತದೆ. ದಪ್ಪ ರಾಡು ಹಾಕಿದ್ದನಲ್ಲ, ಎಂಥ ಬಂಡೆಗೆ ಬಡಿದರೂ ಬಾಗದ ರಾಡು! ಆ ರಾಡಿನ ತೂಕವೇ ಈಗ ಮುಚ್ಚಳವನ್ನು ಜಗ್ಗುತ್ತಿರುತ್ತದೆ. ಹಾಗೆ ಅನ್ನಿಸಿದ್ದೇ ಇನ್ನೂ ಜೋರಾಗಿ ತುಳಿದ.

ಕೋಣನಕುಂಟೆಯ ಹತ್ತಿರ ಎಡಕ್ಕೆ ಮಣ್ಣುರಸ್ತೆ ತಿರುಗುವ ಕಡೆ ಕರಿಬಸವಯ್ಯನ ಕಾಫಿ ಅಂಗಡಿ. ಬೈರಣ್ಣ ಇಳಿಯದೆಯೇ ಕೂಗಿದ.

"ಅಣ್ಣಾ, ಜೀಪು ಹೋಯ್ತಾ?"

"ಈಗಿನ್ನೂ ಹೋಯ್ತು ಬೈರಣ್ಣ. ನಿಮ್ಮ ಮಗಳೇ ಇದ್ಲಲ್ಲ. ಕೂಸು ಅಳ್ತಿತ್ತು, ಒಳಗೆ ನಮ್ಮನೇವಳ ಹತ್ರ ಕೂತು ಹಾಲು ಕುಡಿಸಿ ಮಲಗಿಸ್ಕೊಂಡು ಹೋದ್ಲು. ಅರ್ಧ ಗಂಟೆ ಇದ್ರು. ಸಾಹೇಬ್ರು ಎರಡು ಕಾಫಿ ಕುಡಿದ್ರು." ಅಷ್ಟು ಹೇಳಿ ಕರಿಬಸವಯ್ಯ ಗಲ್ಲಾಪೆಟ್ಟಿಗೆಯ ಮೇಲಿಂದ ಏನೋ ಎತ್ತಿ ತೋರಿಸಿದ. "ಹೊರಟ ಮೇಲೆ ನೋಡ್ತೀನಿ, ಜೀಪು ನಿಂತಿದ್ದ ಜಾಗದಲ್ಲಿ ಇದು ಬಿದ್ದಿತ್ತು. ಕೂಗ್ದೆ, ಕೇಳ್ಸಲಿಲ್ಲ. ನಿಮ್ದೇನಾ?"

ಮುಚ್ಚಳ. ಅವನೇ ಎಣ್ಣೆ ಹಚ್ಚಿ ತಿರುಗಿಸಿದ್ದ ಮುಚ್ಚಳ. ಅದನ್ನು ಕಸಿದುಕೊಂಡು ಬೈರಣ್ಣ ಎಡಕ್ಕೆ ಸೈಕಲ್ ತಿರುಗಿಸಿದ; "ಏನಾಯ್ತು ಬೈರಣ್ಣ?" ಎಂದು ಕರಿಬಸವಯ್ಯ ಕೇಳುತ್ತಲೇ ಉಳಿದ.

ಮಣ್ಣುರಸ್ತೆಯಲ್ಲಿ ಟೈರಿನ ಗುರುತು ಹಸಿಯಾಗಿತ್ತು. ಮೊದಮೊದಲು ನೆಟ್ಟಗಿತ್ತು. ಆಮೇಲೆ ಒಮ್ಮೆ ಎಡಕ್ಕೆ ಹೋಗಿ ಹುಲ್ಲು ತುಳಿದು ವಾಪಸು ಬಂದಿತ್ತು. ಒಂದು ಫರ್ಲಾಂಗು ಮುಂದೆ ಮತ್ತೆ ಹಾಗೆಯೇ ಬಲಕ್ಕೆ. ಯಾರೋ ನಿದ್ದೆಗಣ್ಣಿನಲ್ಲಿ ಓಡಿಸಿದ ಹಾಗೆ. ಗುಂಡು ಸಡಿಲವಾಗಿದೆ, ಇನ್ನೂ ಗೂಡಿನಿಂದ ಪೂರ್ತಿ ಹೊರಗೆ ಬಂದಿಲ್ಲ. ಬೈರಣ್ಣನಿಗೆ ಜೀಪು ಕಾಣುತ್ತಿರಲಿಲ್ಲ, ಆದರೆ ಆ ಗುಂಡು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ದಾರಿಯಲ್ಲೇ ಒಂದು ಕಡೆ ಅವನಿಗೆ ಅಳು ಬಂತು. ಐವತ್ತೈದು ವರ್ಷದ ಗಂಡಸು, ಅತ್ತುಕೊಂಡೇ ಪೆಡಲು ತುಳಿದ.

ದಿಣ್ಣೆ ಹತ್ತಿ ಇಳಿದರೆ ಏರಿ. ಜೀಪು ಏರಿಯ ಮೇಲಿತ್ತು. ತೂಬು ಇನ್ನೂ ನೂರು ಗಜ ಮುಂದೆ. ಜಯಸಿಂಹ ನಿಧಾನವಾಗಿಯೇ ಹೋಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಂಜನಮ್ಮನ ಕೆಂಪು ಸೆರಗು ಕಾಣಿಸಿತು.

ಕೂಗಲು ಬಾಯಿ ತೆರೆದವನು ಹಾಗೆಯೇ ನಿಂತ. ಕೂಗಿದರೆ ಜಯಸಿಂಹ ತಿರುಗಿ ನೋಡುತ್ತಾರೆ. ತಿರುಗಿ ನೋಡುವವನ ಕೈ ಸ್ಟೀರಿಂಗನ್ನೂ ತಿರುಗಿಸುತ್ತದೆ. ಡ್ರೈವರುಗಳನ್ನು ಮೂವತ್ತು ವರ್ಷ ನೋಡಿದವನಿಗೆ ಅಷ್ಟು ತಿಳಿಯದೇ? ಕೂಗದಿದ್ದರೆ ತೂಬು ಬರುತ್ತದೆ. ಕೂಗಿದರೆ ಇಲ್ಲೇ ಸಾವು, ಕೂಗದಿದ್ದರೆ ಅಲ್ಲಿ. ಅಯ್ಯೋ, ಯಾವುದನ್ನು ಆರಿಸಿಕೊಳ್ಳುತ್ತಾನೆ ತಂದೆಯಾದವನು?

ಬಾಯಿ ಮುಚ್ಚಿಕೊಂಡು ಜೀವ ಕೈಯಲ್ಲಿ ಹಿಡಿದು ತುಳಿದ. ತೂಬಿಗೆ ಎಂಬತ್ತು ಗಜ. ಎಪ್ಪತ್ತು. ಆಗ ಅಂಜನಮ್ಮ ತಾನಾಗಿಯೇ ಹಿಂದಕ್ಕೆ ನೋಡಿದಳು. ಅಪ್ಪನನ್ನು ಕಂಡಳು. ಮುಖ ಅರಳಿತು. ಏನೋ ಮರೆತದ್ದನ್ನು ಕೊಡಲು ಬಂದಿದ್ದಾನೆ ಅಂದುಕೊಂಡಳೋ ಏನೋ, ಮಗುವಿನ ಪುಟ್ಟ ಕೈ ಹಿಡಿದು ತಾತನ ಕಡೆಗೆ ಬೀಸಿಸಿದಳು. ಬೈರಣ್ಣ ಒಂದು ಕೈ ಎತ್ತಿ ನಿಲ್ಲಿಸು, ನಿಲ್ಲಿಸು ಎಂದು ಸನ್ನೆ ಮಾಡಿದ. ಅವಳು ಇನ್ನೂ ಜೋರಾಗಿ ಬೀಸಿದಳು. ಆಮೇಲೆ ಮುಂದಕ್ಕೆ ಬಾಗಿ, ಅವನು ಯಾವುದಕ್ಕೆ ಹೆದರಿದ್ದನೋ ಅದನ್ನೇ ಮಾಡಿದಳು. ಜಯಸಿಂಹ ಅವರ ಭುಜ ತಟ್ಟಿದಳು.

"ತಿರುಗ್ಬೇಡಿ! ಸಾರ್, ತಿರುಗ್ಬೇಡಿ! ಬ್ರೇಕು! ಬ್ರೇಕ್ ಹಾಕಿ!"

ಆ ದನಿ ತನ್ನದೆಂದು ಬೈರಣ್ಣನಿಗೇ ಗೊತ್ತಾಗಲಿಲ್ಲ. ಜಯಸಿಂಹ ತಿರುಗಿದರು. ಜೀಪಿನ ಮೂತಿ ನೀರಿನ ಕಡೆಗೆ ಹೊರಳಿತು. ಅವರು ಸ್ಟೀರಿಂಗನ್ನು ವಾಪಸು ಎಳೆದದ್ದು ಕಾಣಿಸಿತು, ಮೂತಿ ವಾಪಸು ಬರಲಿಲ್ಲ. ಅಂಜನಮ್ಮ ಕಿರುಚಿದಳು. ಬ್ರೇಕು ಕಚ್ಚಿತು, ಟೈರು ಮಣ್ಣನ್ನು ಗೀಚಿತು, ಏರಿಯ ಅಂಚಿನ ಎರಡು ಕಲ್ಲು ಬುಳಕ್ಕನೆ ನೀರಿಗೆ ಬಿದ್ದವು. ಬಲಗಡೆಯ ಮುಂಚಕ್ರ ಅರ್ಧ ಗಾಳಿಯಲ್ಲಿ ನಿಂತಿತು. ಜೀಪು ನಿಂತಿತು.

ಬೈರಣ್ಣ ಸೈಕಲ್ ಎಸೆದು ಓಡಿದ. ಹಿಂದಿನಿಂದ ಮಗಳನ್ನೂ ಮಗುವನ್ನೂ ಒಟ್ಟಿಗೇ ಬಾಚಿ ಇಳಿಸಿಕೊಂಡ. ಮಗು ಎದ್ದು ಅಳತೊಡಗಿತು. ಅದು ಅತ್ತದ್ದು ಕೇಳಿ ಅವನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

ಜಯಸಿಂಹ ಎಡಗಡೆಯಿಂದ ಮೆಲ್ಲಗೆ ಇಳಿದರು. ಇಳಿದು, ಕೈಯನ್ನು ಮಾತ್ರ ಒಳಗೆ ಹಾಕಿ ಸ್ಟೀರಿಂಗನ್ನು ಒಂದೇ ಬೆರಳಿನಲ್ಲಿ ತಿರುಗಿಸಿ ನೋಡಿದರು. ರಾಟೆಯ ಹಾಗೆ ತಿರುಗಿತು. ಚಕ್ರ ಇದ್ದ ಕಡೆಯೇ ಇತ್ತು.

"ಏನಿದು ಬೈರಣ್ಣ?"

ಬೈರಣ್ಣ ಹೇಳಿದ. ಪಿನ್ನು, ರಾಹುಕಾಲ, ಬಸಿ, ಆರತಿ, ಎಲ್ಲ. ತೊದಲುತ್ತಾ, ಹಿಂದುಮುಂದಾಗಿ, ಕೈಯಲ್ಲಿನ ಮುಚ್ಚಳ ನೋಡುತ್ತಾ ಹೇಳಿದ. "ಆಮೇಲೆ ಹೇಳೋಣ ಅಂತಿದ್ದೆ ಸಾರ್. ನೀವು ನಾಳೆ ತಾನೇ ತಗೊಂಡು ಹೋಗೋದು ಅಂತ..."

ಜಯಸಿಂಹ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ನನಗೆ ಈ ಮಣ್ಣುರಸ್ತೆಗೆ ಬಂದ ಕೂಡ್ಲೇ ಅನುಮಾನ ಬಂತು ಕಣ್ರೀ. ಎರಡು ಸಲ ಜೀಪು ಕೈ ಬಿಟ್ಟು ಹೋಯ್ತು. ಇಳಿದುಬಿಡೋಣಮ್ಮಾ, ನಡ್ಕೊಂಡು ಹೋಗೋಣ ಅಂತ ನಿಮ್ಮ ಮಗಳಿಗೆ ಅಂದೆ." ಅವರು ಶಲ್ಯದಿಂದ ಕತ್ತು ಒರೆಸಿಕೊಂಡರು. "ಅವಳೇ ಬೇಡ ಅಂದ್ಲು. ನಮ್ಮಪ್ಪ ಅಮ್ಮನೋರ ಮುಂದೆ ನಿಂತು ಆಯ್ತು ಅಂದಿದ್ದಾರೆ, ಸುಮ್ನೆ ನಡೀರಿ ಸಾರ್ ಅಂದ್ಲು."

ಬೈರಣ್ಣನಿಗೆ ಮಗಳ ಮುಖ ನೋಡುವ ಧೈರ್ಯ ಆಗಲಿಲ್ಲ. ಅಂಜನಮ್ಮ ಮಗುವನ್ನು ಎದೆಗೆ ಅವಚಿಕೊಂಡು, ಗಾಳಿಯಲ್ಲಿ ನಿಂತ ಚಕ್ರವನ್ನೂ ಅದರ ಕೆಳಗಿನ ಕಪ್ಪು ನೀರನ್ನೂ ನೋಡುತ್ತಿದ್ದಳು. ಅಳಲಿಲ್ಲ.

ಗದ್ದೆ ಕಡೆಯಿಂದ ನಾಲ್ಕು ಜನ ಓಡಿಬಂದರು. ಹಗ್ಗ ಹಾಕಿ ಜೀಪನ್ನು ಹಿಂದಕ್ಕೆ ಎಳೆದರು. ಬೈರಣ್ಣ ಅಡಿಯಲ್ಲಿ ತೂರಿ ಗುಂಡನ್ನು ಗೂಡಿಗೆ ಕೂರಿಸಿ, ಮುಚ್ಚಳ ತಿರುಗಿಸಿ, ಪಿನ್ನು ತೂರಿಸಿ ಎರಡು ಕಾಲನ್ನೂ ಮಡಚಿದ. ಪ್ಲೇಯರು ಮೂರು ಸಲ ಕೈಯಿಂದ ಜಾರಿತು. ಮಡಚಿದ ಮೇಲೂ ಬೆರಳಾಡಿಸಿ ನೋಡಿದ, ಮತ್ತೆ ನೋಡಿದ, ಇನ್ನೂ ಒಂದು ಸಲ ನೋಡಿದ. ಹೊರಗೆ ಬಂದು ಯಾರನ್ನೂ ನೋಡದೆ ಹೇಳಿದ: "ಈಗ ಸರಿಯಾಗೈತೆ ಸಾರ್. ಕೂತ್ಕೋಬಹುದು."

ಜಯಸಿಂಹ ಅಂಜನಮ್ಮನ ಕಡೆ ನೋಡಿದರು.

"ನಾನು ನಡ್ಕೊಂಡು ಹೋಗ್ತೀನಿ ಸಾರ್. ಊರು ಅಲ್ಲೇ ಕಾಣ್ತದೆ" ಎಂದಳು ಅವಳು.

"ಬಾ ಅವ್ವ, ಬಿಟ್ಟುಬರ್ತೀನಿ" ಎಂದು ಬೈರಣ್ಣ ಮಗುವಿಗೆ ಕೈ ಚಾಚಿದ. ಅವಳು ಒಂದು ಕ್ಷಣ ತಡೆದು ಕೊಟ್ಟಳು. ಇಬ್ಬರೂ ಏರಿಯ ಮೇಲೆ ಹೊರಟರು. ಬೈರಣ್ಣ ಗದ್ದೆಯ ಕಡೆಗೂ ಹೋಗದೆ ನೀರಿನ ಕಡೆಗೂ ಹೋಗದೆ ನಟ್ಟನಡುವೆ ಹೆಜ್ಜೆ ಇಡುತ್ತಿದ್ದ. ಏನಾದರೂ ಮಾತಾಡಬೇಕೆನ್ನಿಸಿ, "ಸಂಜೆ ಪೂಜೆಗೆ ಹೊತ್ತಾಗಲಿಲ್ಲ ತಾನೇ?" ಎಂದು ಕೇಳಿದ. ಅವಳ ಕಣ್ಣು ಅವನ ತೋಳಿನ ಮೇಲಿತ್ತು. ಮಗುವಿನ ಬೆನ್ನಿನ ಕೆಳಗೆ ಅವನ ಕೈ ಇನ್ನೂ ನಡುಗುತ್ತಿತ್ತು.

ತೂಬು ಹತ್ತಿರ ಬಂತು. ಏರಿ ತಿರುಗುವ ಕಡೆ ಅಂಜನಮ್ಮ ನಿಂತಳು.

"ಮಗೂನ ಕೊಡಪ್ಪ" ಎಂದಳು ಮೆತ್ತಗೆ. "ಇಲ್ಲಿಂದ ನಾನೇ ಎತ್ಕೋತೀನಿ."